ಎಡಹುರಿ ಕಟ್ಟಿದ ಪೆಂಡಿ

ಟೀಚರಮ್ಮ, ನೀವು ಕೇಳಿದ್ದು ಹಳೆಯ ಆಟಗಳ ಪಟ್ಟಿ. ಶಾಲೆಯ ಗೋಡೆಗೆ ಅಂಟಿಸಬೇಕು ಅಂದಿರಿ. ಪಟ್ಟಿಯೇನು, ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: ಚಿಣಿಪಣಿ, ಲಗೋರಿ, ಬುಗುರಿ, ಗೋಟಿ, ಕುಂಟಾಟ, ಐದು ಹರಳಿನ ಆಟ, ಹುಣಸೆ ಬೀಜ ಒಡೆದು ಆಡುವ ಚೌಕಾಬಾರ. ಮುಗಿಯಿತಲ್ಲ? ಆದರೆ ಜೋಕಾಲಿಯನ್ನು ಮಾತ್ರ ಹೀಗೆ ಒಂದು ಮಾತಿನಲ್ಲಿ ಬರೆಸಿ ಬಿಡಲು ನನಗಾಗುವುದಿಲ್ಲ. ನಮ್ಮೂರಲ್ಲಿ ಜೋಕಾಲಿ ಅಂದರೆ ಮರಿಲಿಂಗಣ್ಣ, ಮರಿಲಿಂಗಣ್ಣ ಅಂದರೆ ಈ ಸಲದ ಪಂಚಮಿ. ನೀವು ದಸರಾ ಸೂಟಿ ಮುಗಿದ ಮೇಲೆ ದೋರನಹಳ್ಳಿಯಿಂದ ವರ್ಗವಾಗಿ ಬಂದವರು, ನಿಮಗೆ ಗೊತ್ತಿಲ್ಲ. ಪೆನ್ನು ಹಿಡಿಯಿರಿ. ನನ್ನ ಮಾತನ್ನು ನಿಮ್ಮ ಪುಸ್ತಕದ ಮಾತಿಗೆ ತಿದ್ದಿಕೊಂಡರೂ ನಡೆಯುತ್ತದೆ, ಆದರೆ ಅವತ್ತು ಯಾರು ಏನು ಅಂದರೋ ಅದನ್ನು ಅಂದಂತೆಯೇ ಬರೆಯಿರಿ.

ಪಂಚಮಿಯ ದಿನ ಬೆಳಿಗ್ಗೆ ಹತ್ತರ ಸುಮಾರು. ನಾನು ಅಂಗಳದಲ್ಲಿ ಕೂತು ಜೋಳದ ಅರಳು ಕೇರುತ್ತಿದ್ದೆ. ಮರಿಲಿಂಗಣ್ಣ ಬಂದು ಬಾಗಿಲಲ್ಲಿ ನಿಂತ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವಿಲ್ಲ, ಓಣಿಯ ಸಂಬಂಧಕ್ಕೆ ಅಣ್ಣ. ಎಪ್ಪತ್ತೆರಡು ವರ್ಷ, ನನಗಿಂತ ನಾಲ್ಕು ಹೆಚ್ಚು. ಪುಂಡಿನಾರಿನ ಹಗ್ಗ ಹೊಸೆಯುವುದು ಅವನ ಅಪ್ಪನಿಂದ ಬಂದ ಕೆಲಸ. ಎತ್ತಿನ ಹಗ್ಗ, ಬಾವಿ ಹಗ್ಗ, ತೊಟ್ಟಿಲ ಹಗ್ಗ, ಜೋಕಾಲಿ ಹಗ್ಗ. ಸುರಪುರದ ಸಂತೆಗೆ ಅವನು ಹಗ್ಗ ಹೊತ್ತು ಹೋದರೆ ಮಧ್ಯಾಹ್ನದ ಊಟಕ್ಕೆ ಬರಿಗೈಯಲ್ಲಿ ವಾಪಸು ಬರುತ್ತಿದ್ದ, ಅಷ್ಟು ಜಲ್ದಿ ಖಾಲಿಯಾಗುತ್ತಿತ್ತು. ಐವತ್ತೆಂಟು ವರ್ಷದಲ್ಲಿ ಅವನು ಹೊಸೆದ ಒಂದು ಹಗ್ಗವೂ ಭಾರಕ್ಕೆ ಹರಿದಿದ್ದಿಲ್ಲ. ಹೊಲ ಇಲ್ಲ, ಓದು ಇಲ್ಲ, ಅವನಿಗೆ ಇರುವುದು ಈ ಒಂದು ಹೆಸರು.

ಅವತ್ತು ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮುಷ್ಟಿ ಚಾಚಿ ತೆರೆದ. ಅಂಗೈಯಲ್ಲಿ ಒಂದು ಚಿಟಿಕೆ ನಾರು. ಎರಡು ಬೆರಳಿನಲ್ಲಿ ಹಿಚುಕಿದ. ಅದು ಹಿಟ್ಟಾಗಿ ನನ್ನ ಅರಳಿನ ಮೇಲೆ ಉದುರಿತು.

"ತಂಗಿ, ಎಡಹುರಿ ಕಟ್ಟಿದ ಪೆಂಡಿ ಎಲ್ಲಿ ಐತಿ?"

"ಯಾವ ಪೆಂಡಿ ಅಣ್ಣ?"

"ನಮ್ಮ ಅಟ್ಟದ ಮ್ಯಾಲೆ ನಾರಿನ ಪೆಂಡಿ ನಾಕು ಇದ್ದವಲ್ಲ. ಒಂದಕ್ಕ ಎಡಹುರಿ ಕಟ್ಟಿದ್ದೆ. ಜೋಕಾಲಿಗೆ ಹೊಸೆದು ಉಳಿದ ನಾರು ಈಗ ಕೈಯಾಗ ಹಿಡದ್ರ ಹಿಟ್ಟು ಆಗಾಕತ್ತೈತಿ. ಹುಡುಕ್ತೀನಿ, ಎಡಹುರಿದು ಒಂದೂ ಇಲ್ಲ."

"ಅಯ್ಯ, ಅದನ್ನ ಬಿಚ್ಚಿದಾಕಿ ನಾನ! ಕಾರಹುಣ್ಣಿಮಿ ಮುಂದ ನಿನ್ನ ಮನಿ ಸಾಪ ಮಾಡಾಕ ಬಂದಿದ್ನಲ್ಲ, ಆವಾಗ. ಹಬ್ಬದ ಹಗ್ಗದ ನಾರಿಗೆ ಯಾರರ ಎಡಹುರಿ ಕಟ್ತಾರೇನೋ? ಚಟ್ಟಕ್ಕ ಕಟ್ಟೂದು ಅದು. ಬಿಚ್ಚಿ ಒಗದು ಛಂದಂಗ ಬಲಹುರಿ ಕಟ್ಟಿಟ್ಟೀನಿ, ನಾಕಕ್ಕೂ."

ನಾನು ಹೊಗಳಿಕೆಗೆ ಕಾದವಳ ಹಾಗೆ ಮುಖ ಎತ್ತಿದೆ. ಅವನು ಹೊಸ್ತಿಲ ಮೇಲೆ ಕುಸಿದು ಕೂತ.

ನಿಮಗೆ ಬಿಡಿಸಿ ಹೇಳಬೇಕು. ಬದುಕಿದವರ ಕೆಲಸಕ್ಕೆ ಹಗ್ಗವನ್ನು ಬಲಕ್ಕೆ ಹುರಿಗೊಳಿಸುತ್ತಾರೆ. ಎಡಕ್ಕೆ ಹುರಿಗೊಳಿಸುವುದು ಹೆಣದ ಚಟ್ಟಕ್ಕೆ ಮಾತ್ರ. ಎಡಹುರಿ ಮನೆಯೊಳಗೆ ಕಂಡರೆ ನಮ್ಮವ್ವ ಚೀರುತ್ತಿದ್ದಳು. ಆಮೇಲೆ ನಾವು ಬುದ್ಧನ ದಾರಿಗೆ ಬಂದೆವು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಬಂತು, ಶಕುನ-ಅಪಶಕುನ ಎಲ್ಲ ಬಿಟ್ಟೆವು ಎಂದು ಮಂದಿಯ ಮುಂದೆ ಹೇಳಿದ್ದೂ ಆಯಿತು. ಬಾಯಿ ಬಿಟ್ಟಿತ್ತು ಟೀಚರಮ್ಮ, ಕೈ ಬಿಟ್ಟಿರಲಿಲ್ಲ. ಎಡಹುರಿ ಕಂಡ ಕೂಡಲೇ ನನ್ನ ಕೈ ತಾನಾಗಿಯೇ ಬಿಚ್ಚಿತು.

ಅದೇ ಅವನ ಗುರುತು ಅಂತ ನನಗೇನು ಗೊತ್ತು? ಅವನ ಅಪ್ಪ ಹೇಳಿಕೊಟ್ಟದ್ದಂತೆ: ಕೆಟ್ಟ ನಾರಿಗೆ ಎಡಹುರಿ ಕಟ್ಟಿಡು, ಬುದ್ಧಿ ಇದ್ದವನು ಯಾವನೂ ಅದನ್ನು ಮುಟ್ಟುವುದಿಲ್ಲ.

ಪುಂಡಿ ದಂಟನ್ನು ಕೆರೆಯಂಚಿನ ಗುಂಡಿಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೊಳೆಹಾಕಬೇಕು. ಹನ್ನೆರಡು ದಿನ. ಒಂದು ದಿನ ಕಡಿಮೆಯಾದರೆ ನಾರು ಬಿಡುವುದಿಲ್ಲ, ನಾಲ್ಕು ದಿನ ಹೆಚ್ಚಾದರೆ ನಾರಿನ ಜೀವವೇ ಹೋಗುತ್ತದೆ. ಹೋದ ಚಳಿಗಾಲದಲ್ಲಿ ಬೋನಾಳ ಕೆರೆಗೆ ಹಕ್ಕಿ ಇಳಿಯುವ ಹೊತ್ತಿಗೆ ಅವನು ದಂಟು ಮುಳುಗಿಸಿದ. ಅಷ್ಟರಲ್ಲಿ ಕಣ್ಣಿನ ಪೊರೆ ತೆಗೆಸಲು ಮಗ ದೇವಿಂದ್ರ ಅವನನ್ನು ಸುರಪುರದ ದವಾಖಾನೆಗೆ ಕರೆದುಕೊಂಡು ಹೋದ. ಒಂದು ಹೊರೆ ನೀರಿನಲ್ಲೇ ಉಳಿಯಿತು, ಆರು ದಿನ ಹೆಚ್ಚಿಗೆ. ಬಂದ ಮೇಲೆ ಅದರ ನಾರನ್ನೂ ಸುಲಿದ. ಬಿಸಾಡುವ ಜಾತಿಯವನಲ್ಲ, ಹೂವಿನ ಬಳ್ಳಿ ಕಟ್ಟಲಿಕ್ಕಾದರೂ ಆದೀತು ಎಂದು ಎಡಹುರಿ ಕಟ್ಟಿ ಅಟ್ಟಕ್ಕೆ ಎಸೆದಿದ್ದ. ಹೊಸೆಯುವಾಗ ನಾರನ್ನು ನೀರಿನಲ್ಲಿ ನೆನೆಸಿರುತ್ತಾರೆ, ಹಸಿಯಿದ್ದಾಗ ಒಳ್ಳೆಯದೂ ಕೆಟ್ಟದ್ದೂ ಕೈಗೆ ಒಂದೇ. ಪೂರ್ತಿ ಒಣಗಿದ ಮೇಲೆ ಬಣ್ಣ ಬಯಲು.

"ಮೂರು ಎಳಿ ಹಗ್ಗ ತಂಗಿ," ಅಂದ. "ಒಂದು ಎಳಿ ಪೂರಾ ಅದರದ ಐತಿ."

"ಈಗ ಹರಿತೈತೇನು?"

"ಹರಿತೈತಿ ಅಂತ ಹೇಳಂಗಿಲ್ಲ. ಹರಿಯಂಗಿಲ್ಲ ಅಂತನೂ ಹೇಳಂಗಿಲ್ಲ. ಇಂಥಾ ಮಾತು ನಾ ಒಮ್ಮಿನೂ ಆಡಿದಾಂವ ಅಲ್ಲ."

ನನ್ನ ಮೊರ ಕೈಜಾರಿ ಅರಳೆಲ್ಲ ಅಂಗಳಕ್ಕೆ ಚೆಲ್ಲಿತು. ಯಾಕೆಂದರೆ ನನ್ನ ಮೊಮ್ಮಗಳು ಪಂಚಶೀಲಾ ಅರ್ಧ ತಾಸಿನ ಹಿಂದೆಯೇ ಹೊಸ ಲಂಗ ಉಟ್ಟು ಕೆರೆಯ ಕಟ್ಟೆಗೆ ಹೋಗಿದ್ದಳು. ಜೊತೆಗೆ ಸುರಪುರದಿಂದ ಬಂದ ಅವಳ ಗೆಳತಿ ಕಹಕಶಾ. ಇಬ್ಬರೂ ಕಾಲೇಜಿನ ಮೊದಲ ವರ್ಷ. ಹನ್ನೆರಡು ವರ್ಷದಿಂದ ಊರಲ್ಲಿ ನೈಲಾನ್ ಹಗ್ಗದ ಜೋಕಾಲಿಯೇ. ಈ ಸಲ ಪುಂಡಿನಾರಿನ ಹಗ್ಗವೇ ಬೇಕು ಎಂದು ಹಟ ಹಿಡಿದವಳು ಪಂಚಶೀಲಾ. ಅವಳ ತಲೆಯಲ್ಲಿ ಹುಳ ಬಿಟ್ಟವಳು ನಾನು. ನಮ್ಮ ಕಾಲದ ಜೋಕಾಲಿ ಹೀಗಿತ್ತು, ಹಗ್ಗ ಕಿರ್ರೆನ್ನುತ್ತಿತ್ತು, ಕೈಗೆ ಹಸಿ ನಾರಿನ ವಾಸನೆ ಹತ್ತುತ್ತಿತ್ತು ಎಂದು ದಿನಾ ಊದಿ ಊದಿ.

ದೇವಿಂದ್ರನಿಗೆ ಫೋನ್ ಮಾಡಿದೆ. ಮರ ಹತ್ತಿ ಹಗ್ಗ ಕಟ್ಟಿದವನು ಅವನೇ, ಅಲ್ಲೇ ನಿಂತಿರುತ್ತಾನೆ. ರಿಂಗಾಯಿತು, ಕಟ್ ಮಾಡಿದ. ಮತ್ತೆ ಮಾಡಿದೆ, ಮತ್ತೆ ಕಟ್. ಮೂರನೆಯ ಸಲವೂ ಅಷ್ಟೇ. ಆಮೇಲೆ ಗೊತ್ತಾಯಿತು, ಅವನು ಜೋಕಾಲಿಯ ವಿಡಿಯೋ ತೆಗೆಯುತ್ತಿದ್ದನಂತೆ. ನಡುವೆ ಫೋನ್ ಬಂದರೆ ವಿಡಿಯೋ ಕೆಡುತ್ತದಂತೆ.

"ನಡಿ," ಅಂದ ಮರಿಲಿಂಗಣ್ಣ. ಓಣಿ ಬಿಕೋ ಎನ್ನುತ್ತಿತ್ತು. ಗಾಡಿ ಇದ್ದವರೆಲ್ಲ ಕೆರೆಯ ಕಟ್ಟೆಯ ಮೇಲಿದ್ದರು. ಅವನ ಮೊಣಕಾಲು ಸವೆದದ್ದು, ನನಗೆ ಉಬ್ಬಸ. ಅರ್ಧ ಮೈಲಿ ದಾರಿ. ಹಿಂದಿನ ದಿನದ ಜಿಟಿಜಿಟಿ ಮಳೆಗೆ ಕರಿಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಹೆಜ್ಜೆಯೂ ಒಂದೊಂದು ಸೇರು ತೂಗುತ್ತಿತ್ತು. ಚಪ್ಪಲಿ ಅಲ್ಲೇ ಬಿಟ್ಟೆ.

"ಮೊದಲ ಜೀಕು ನೀ ಯಾಕ ಜೀಕಲಿಲ್ಲ?" ಉಸಿರು ಸಿಕ್ಕಾಗ ಕೇಳಿದೆ.

"ಮಗ ಬ್ಯಾಡ ಅಂದ. ನಿನ್ನ ಮೊಣಕಾಲು ಹೊಕ್ಕಾವ, ನಾ ನೋಡ್ಕೋತೀನಿ ಅಂದ."

"ಅಂವ ಜೀಕಿದ್ನೇನು?"

"ಎರಡು ಸಲ ಕೈಲೆ ಜಗ್ಗಿ ನೋಡಿ, ಗಟ್ಟಿ ಐತಿ ಅಂದ."

ಹಗ್ಗ ಹೊಸೆದವನೇ ಮೊದಲ ಜೀಕು ಜೀಕಬೇಕು, ಇದು ನಮ್ಮೂರ ಕಟ್ಟಳೆ. ಅದರ ಹಿಂದೆ ಒಂದು ಕಥೆ ಇದೆ. ಓಡುತ್ತ ಓಡುತ್ತ ನಾವು ಮೇಲಿನ ಓಣಿಯ ತಿರುವು ದಾಟಿದೆವು. ಅಲ್ಲಿ ಈಗ ರಸ್ತೆ ಅಗಲವಾಗಿದೆ, ಮೊದಲು ಒಂದು ದೊಡ್ಡ ಬೇವಿನ ಮರವಿತ್ತು. ಊರ ಜೋಕಾಲಿ ಅದಕ್ಕೇ. ಹಗ್ಗ ಹೊಸೆಯುವುದು ನಮ್ಮ ಓಣಿಯವರು, ಜೀಕುವುದು ಆ ಓಣಿಯ ಹೆಣ್ಣುಮಕ್ಕಳು. ಮೊದಲ ಜೀಕು ಮಾತ್ರ ಹೊಸೆದವನದು, ಹರಿದರೆ ಅವನೇ ಬೀಳಲಿ ಎಂದು. ಅಪ್ಪನ ಸೊಂಟ ಬಿದ್ದ ಮೇಲೆ ಹದಿನಾಲ್ಕನೆಯ ವಯಸ್ಸಿಗೇ ಮರಿಲಿಂಗಣ್ಣ ಆ ಹಲಗೆಯ ಮೇಲೆ ನಿಂತ. ನಾವು ಹುಡುಗಿಯರು ಗೋಡೆಯ ಮರೆಯಲ್ಲಿ. ಅವನು ಆಕಾಶಕ್ಕೆ ಹೋಗಿ ಬರುವುದನ್ನು ನೋಡಿ ನನ್ನ ಹೊಟ್ಟೆಯೊಳಗೂ ಜೀಕು ಆಗುತ್ತಿತ್ತು. ಅವನು ಇಳಿದ ಮೇಲೆ ಹಲಗೆಗೂ ಹಗ್ಗಕ್ಕೂ ಅರಿಶಿಣದ ನೀರು ಚಿಮುಕಿಸುತ್ತಿದ್ದರು. ಆಮೇಲೆ ಅವರ ಹುಡುಗಿಯರು ಹತ್ತುತ್ತಿದ್ದರು.

ಒಂದು ವರ್ಷ ಅವನು ಇಳಿದು ಬಂದು ನನ್ನನ್ನು ಕೇಳಿದ, "ಯಾಕ ಅಳಾಕತ್ತೀ?" ನಾನೆಂದೆ, "ನನಗೂ ಹಂಗ ಹೋಗಬೇಕು." ಮರುವರ್ಷ ಊರ ಹಗ್ಗಕ್ಕೆ ಕೊಟ್ಟ ನಾರಿನಲ್ಲಿ ದಿನಾ ಒಂದು ಹಿಡಿ ಉಳಿಸಿ, ಇನ್ನೊಂದು ಹಗ್ಗ ಹೊಸೆದು, ಕೆರೆಯ ಕಟ್ಟೆಯ ಹುಣಸೆ ಮರಕ್ಕೆ ಕಟ್ಟಿದ. ಮೊದಲು ತಾನು ಜೀಕಿದ, ಆಮೇಲೆ ನನ್ನನ್ನು ಹತ್ತಿಸಿದ. ನನಗೆ ಹನ್ನೊಂದು ವರ್ಷ. ಬೇವು ಹೋದ ಮೇಲೆ ಇಡೀ ಊರು ನಮ್ಮ ಹುಣಸೆ ಮರಕ್ಕೇ ಬಂತು. ಈಗ ಎಲ್ಲ ಓಣಿಯವರೂ ಅಲ್ಲೇ ಪಾಳಿ ಹಚ್ಚುತ್ತಾರೆ. ಅರಿಶಿಣದ ನೀರು ಹೋಯಿತು, ಮೊದಲ ಜೀಕಿನ ಕಟ್ಟಳೆ ಉಳಿಯಿತು. ಉಳಿದಿತ್ತು, ನೈಲಾನ್ ಬರುವ ತನಕ; ಈ ಸಲ ನಾರಿನ ಹಗ್ಗ ಮರಳಿ ಬಂತು, ಮೊದಲ ಜೀಕು ಬರಲಿಲ್ಲ.

ಅದೆಲ್ಲ ಇರಲಿ. ಆ ಮರದ ಜಾಗ ನಿಮಗೆ ಗೊತ್ತಿರಬೇಕು. ಕೊಂಬೆ ಕೆರೆಯ ಕಡೆ ಚಾಚಿದೆ. ಜೋಕಾಲಿ ಹಿಂದಕ್ಕೆ ಬಂದಾಗ ಕೆಳಗೆ ಮಣ್ಣು, ಮುಂದಕ್ಕೆ ಹೋದಾಗ ಕೆಳಗೆ ಕಟ್ಟೆಗೆ ಜೋಡಿಸಿದ ಬಂಡೆಗಲ್ಲು. ನಾವು ಕಟ್ಟೆಯ ಏರಿಗೆ ಬಂದಾಗ ಮೊದಲು ಕಂಡದ್ದು ಹಸಿರು ಲಂಗ. ಮರದ ತುದಿಯ ಮಟ್ಟಕ್ಕೆ ಹೋಗಿ, ಒಂದು ಕ್ಷಣ ನಿಂತು, ಕೆಳಗಿಳಿಯಿತು.

ಪಂಚಶೀಲಾ ಮತ್ತು ಕಹಕಶಾ ಎದುರುಬದುರು ನಿಂತು ಜೀಕುತ್ತಿದ್ದರು. ಒಬ್ಬಳು ಕುಕ್ಕರಿಸಿ ಒತ್ತಿದರೆ ಇನ್ನೊಬ್ಬಳು ನೆಟ್ಟಗಾಗುತ್ತಿದ್ದಳು. ಸುತ್ತ ಐವತ್ತು ಅರವತ್ತು ಮಂದಿ. ಸೀಟಿ, ಕೇಕೆ, ಫೋನುಗಳು.

ಮರಿಲಿಂಗಣ್ಣ ಎರಡೂ ಕೈ ಎತ್ತಿ ಕೂಗಿದ, "ನಿಲ್ಲಸ್ರಿ! ಏ, ನಿಲ್ಲಸ್ರಿ!"

ಹಗ್ಗ ಹೊಸೆದ ಮುತ್ಯಾ ಬಂದು ಕೈ ಬೀಸಿದರೆ ಮಂದಿಗೆ ಏನು ಅನ್ನಿಸಬೇಕು? ಹುರುಪು ಬಂದಿದೆ ಅಂದುಕೊಂಡರು. ಎಲ್ಲರೂ ಚಪ್ಪಾಳೆ ಹೊಡೆದರು. "ಮುತ್ಯಾ ಬಂದಾನ! ಇನ್ನೂ ಜೀಕ್ರೆ!" ಎಂದು ಯಾರೋ ಒದರಿದರು. ಮೇಲಿದ್ದ ಹುಡುಗಿಯರು ನಕ್ಕು ಇನ್ನಷ್ಟು ಒತ್ತಿದರು. ಹಗ್ಗ ಕಿರ್ ಎಂದಿತು. ಅರವತ್ತು ವರ್ಷ ನಾನು ನೆನೆಸಿಕೊಂಡು ಹಿಗ್ಗಿದ ಸದ್ದೇ ಅದು. ಅವತ್ತು ಅದು ನನ್ನ ಹಲ್ಲಿನ ಬೇರಿಗೆ ತಾಗಿತು.

"ಹರಿತೈತಿ ಅಂತ ಒದರಲೇನು?" ಅಂದೆ.

"ಬ್ಯಾಡ! ಅಂಜಿ ಜಿಗದ್ರ ಕಲ್ಲಿನ ಮ್ಯಾಲೆ ಬೀಳ್ತಾವ."

"ಮಂದಿ ಹಿಡದು ನಿಲ್ಲಸ್ಲಿ?"

"ಹಿಡದು ಜಗ್ಗಿದ್ರ ಭಾರೆಲ್ಲಾ ಒಮ್ಮೆಲೆ ಆ ಎಳಿಗೆ ಬೀಳ್ತೈತಿ. ಅವು ತಾವಾಗೆ ನಿಲ್ಲಬೇಕು. ತಂಗಿ, ಅವು ತಾವಾಗೆ ನಿಲ್ಲಬೇಕು."

ತಾವಾಗಿಯೇ ಹೇಗೆ ನಿಲ್ಲುತ್ತಾರೆ, ಹದಿನೇಳರ ಹುಡುಗಿಯರು, ಆಕಾಶದಲ್ಲಿದ್ದಾಗ? ಆಗ ನೆನಪಾಯಿತು. ನಮ್ಮ ಕಾಲದಲ್ಲಿ ಹೇಗೆ ನಿಲ್ಲುತ್ತಿದ್ದೆವು? ಕೆಳಗಿದ್ದವರು ಇಳಿಯುವ ಹಾಡು ಹಾಡುತ್ತಿದ್ದರು. ಅದು ಕಿವಿಗೆ ಬಿದ್ದರೆ ಮುಗಿಯಿತು, ಜೀಕು ನಿಲ್ಲಿಸಿ ಹಲಗೆಯ ಮೇಲೆ ಕೂಡಬೇಕು. ಕೂಡದಿದ್ದವಳಿಗೆ ಹಬ್ಬ ಮುಗಿಯುವ ತನಕ ಪಾಳಿ ಇಲ್ಲ. ಎಂಥ ಮೊಂಡಿಯೂ ಕೂಡುತ್ತಿದ್ದಳು. ಪಂಚಶೀಲಾಳಿಗೆ ಈ ಹಾಡನ್ನು ಸಣ್ಣವಳಿದ್ದಾಗ ಬಾಯಿಪಾಠ ಮಾಡಿಸಿದ್ದೆ. ಬೇಡವೆಂದರೂ ಬಿಡದೆ.

ಬಾಯಿ ತೆರೆದೆ. ಉಬ್ಬಸಕ್ಕೆ ಸ್ವರವೇ ಹೊರಡಲಿಲ್ಲ. ಕೆಮ್ಮು ಬಂತು. ಹಸಿರು ಲಂಗ ಮತ್ತೆ ಮೇಲೆ ಹೋಗಿ, ಬಂಡೆಯ ನೆತ್ತಿಯ ಮೇಲೆ ನಿಂತು, ಬಂತು. ಎದೆ ಹಿಡಿದುಕೊಂಡು ಮತ್ತೆ ಶುರುಮಾಡಿದೆ.

*ಸಾಕವ್ವ ಸಾಕ ಜೀಕು, ನೆಲತಾಯಿ ಕರದಾಳ*
*ಹಾಲಿನ ಗಿಂಡಿ ತುಂಬ್ಯಾಳ, ತಂಗೆಮ್ಮ*
*ಮೆಲ್ಲಕ ಇಳಿದು ಕೈಚಾಚ.*

ನನ್ನ ಪಕ್ಕದಲ್ಲಿ ಗೊಲ್ಲಾಳಮ್ಮ ನಿಂತಿದ್ದಳು. ಮೇಲಿನ ಓಣಿಯವಳು, ಬಾಯಿ ಅಂದರೆ ಡಂಗುರ. ಸೊಂಟಕ್ಕೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಏನಬೇ ಮುದುಕಿ, ನಿನಗೂ ಪಾಳಿ ಬೇಕೇನು? ಹುಡುಗ್ಯಾರು ಈಗ ಹತ್ಯಾರ, ಅಷ್ಟರಾಗ ಇಳಿಸಾಕ ಬಂದಿ!"

"ಗೊಲ್ಲಾಳಿ, ನಿನ್ನ ಕಾಲು ಬೀಳ್ತೀನಿ, ಹಾಡು. ನನಗ ದನಿ ಸಾಲವಲ್ದು."

ಅವಳು ನನ್ನ ಮುಖ ನೋಡಿದಳು. ಏನು ಕಂಡಳೋ. ಯಾಕೆ ಎಂದು ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಡಿದಳು ನೋಡಿ, ಕೆರೆಯ ನಡುವಿನ ಬೆಳ್ಳಕ್ಕಿಯೆಲ್ಲ ಎದ್ದವು. ಎರಡನೆಯ ಸಾಲಿಗೆ ಇನ್ನೂ ನಾಲ್ಕು ಮುದುಕಿಯರು ಸೇರಿದರು. ಗೊತ್ತಿದ್ದವರ ಬಾಯಿ ಈ ಹಾಡು ಕೇಳಿದರೆ ಸುಮ್ಮನಿರುವುದಿಲ್ಲ.

ಪಂಚಶೀಲಾ ನಮ್ಮ ಕಡೆ ಕತ್ತು ತಿರುಗಿಸಿದಳು. ಮುಖ ಸಣ್ಣದಾಯಿತು. ಆದರೂ ಒತ್ತುವುದನ್ನು ನಿಲ್ಲಿಸಿದಳು. ಕಹಕಶಾ ನಿಲ್ಲಿಸಲಿಲ್ಲ. ಅವಳಿಗೆ ಹಾಡು ಏನು ಗೊತ್ತು? ಅವಳು ಕುಕ್ಕರಿಸಿ ಒತ್ತುತ್ತಲೇ ಇದ್ದಳು. ಗಾಳಿಯಲ್ಲಿ ಅವರ ಮಾತು ಹೋಗುತ್ತ ಬರುತ್ತ ತುಂಡು ತುಂಡಾಗಿ ಕೇಳಿಸಿತು.

"ಕೂಡಬೇ!"

"ಯಾಕ? ಈಗ ಮಜಾ ಬರಾಕತ್ತೈತಿ!"

"ಇಳಿಯೂ ಹಾಡು ಹಾಡಾಕತ್ಯಾರ!"

"ಹಾಡ್ಲಿ ಬಿಡು!"

"ಕೂಡ್ಲಿಲ್ಲಂದ್ರ ಮತ್ತ ಪಾಳಿ ಕೊಡಂಗಿಲ್ಲ! ನಮ್ಮ ಆಯಿ ಭಾಳ ಖಡಕ್ ಅದಾಳ!"

ಕಹಕಶಾ ಇನ್ನೊಂದು ಸಲ ಒತ್ತಿದಳು, ಹಟಕ್ಕೆ. ಆಮೇಲೆ ಬೈಯುತ್ತ ಹಗ್ಗ ಹಿಡಿದು ನಿಧಾನಕ್ಕೆ ಕೂತಳು. ಪಂಚಶೀಲಾ ಅವಳೆದುರು ಕಾಲು ಇಳಿಬಿಟ್ಟು ಕೂತಳು.

ಆಗ ದೇವಿಂದ್ರ ಫೋನ್ ಜೇಬಿಗಿಟ್ಟು ನಿಲ್ಲಿಸಲು ಮುಂದೆ ಓಡಿದ. ಹಗ್ಗಕ್ಕೆ ಇನ್ನೇನು ಕೈ ಹಾಕಬೇಕು.

"ಹಿಡೀಬ್ಯಾಡಲೇ!" ಮರಿಲಿಂಗಣ್ಣನ ಬಾಯಿಂದ ಅಂಥ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ದೇವಿಂದ್ರ ಕೈ ಗಾಳಿಯಲ್ಲೇ ಬಿಟ್ಟು ನಿಂತ. ಚಪ್ಪಾಳೆ ನಿಂತಿತು. ಹಾಡು ಮಾತ್ರ ನಡೆದಿತ್ತು. ಮರಿಲಿಂಗಣ್ಣ ಮೇಲಿನ ಕೊಂಬೆಯ ಗಂಟನ್ನೇ ನೋಡುತ್ತಿದ್ದ. ನಾನು ಕೆಳಗಿನ ಬಂಡೆಯನ್ನೇ ನೋಡುತ್ತಿದ್ದೆ. ಜೋಕಾಲಿ ಬಂಡೆಯ ಆಚೆಗೆ ಹೋಯಿತು, ಬಂತು. ಬಂಡೆಯ ತನಕ ಹೋಯಿತು, ಬಂತು. ಬಂಡೆ ಮುಟ್ಟಲಿಲ್ಲ. ಮಣ್ಣಿನ ಮೇಲೆ ಆಡಿತು. ಪಂಚಶೀಲಾಳ ಹಿಮ್ಮಡಿ ನೆಲಕ್ಕೆ ತಾಗಿ ಒಂದು ಗೆರೆ ಎಳೆಯಿತು.

ನಾನು ಓಡಿ ಹೋಗಿ ಅವಳ ರಟ್ಟೆ ಹಿಡಿದು ಕೆಳಗಿಳಿಸಿದೆ. ಕಹಕಶಾಳನ್ನು ಇನ್ನೊಂದು ಕೈಯಲ್ಲಿ.

"ಆಯಿ, ಮಂದಿ ಮುಂದ ಮರ್ಯಾದಿ ಕಳದಿ!" ಎಂದಳು ಪಂಚಶೀಲಾ. ಅನ್ನಲಿ. ಅವಳು ಬೈಯುವುದನ್ನು ಕೇಳುವುದಕ್ಕೆ ಅವಳು ನನ್ನ ಎದುರಿಗಿದ್ದಳಲ್ಲ.

ಮರಿಲಿಂಗಣ್ಣ, "ಕುಡಗೋಲು ಕೊಡ್ರಿ," ಅಂದ.

"ಯಾಕಪ್ಪಾ?" ಅಂದ ದೇವಿಂದ್ರ.

"ಹಗ್ಗ ಕೊಯ್ತೀನಿ. ಕೆಟ್ಟ ನಾರು ಬಿದ್ದೈತಿ."

ಮಂದಿ ಗುಜುಗುಜು ಎಂದರು. ದೇವಿಂದ್ರ ಹಗ್ಗಕ್ಕೆ ಜೋತುಬಿದ್ದು ನೋಡಿದ. ಇನ್ನೊಬ್ಬನನ್ನು ಕರೆದು ಇಬ್ಬರೂ ಜೋತುಬಿದ್ದರು. ಹಗ್ಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಎರಡು ಎಮ್ಮಿ ತೂಗಬಿಟ್ರೂ ಹರಿಯಂಗಿಲ್ಲ ಇದು!" ಎಂದಳು ಗೊಲ್ಲಾಳಮ್ಮ. "ಕಾಕಾ, ನಿನಗ ಹೆಂಗ ಅನಸಾಕತ್ತೈತಿ? ಬಿಸಲಾಗ ಓಡಿ ಬಂದೀದಿ, ನೀರು ಕುಡಿ."

"ಅಪ್ಪಾ, ಸುಮ್ನ ಇರು," ದೇವಿಂದ್ರ ಅವನ ಕಿವಿಯ ಹತ್ತಿರ ಬಂದು ಹೇಳಿದ. "ಹಗ್ಗ ಹರಿದಿಲ್ಲ. ಮಂದಿ ಮನಿಗೆ ಹೋದ ಮ್ಯಾಲೆ ನಾ ಸದ್ದಿಲ್ದ ಬಿಚ್ತೀನಿ. ನಿನ್ನ ಹೆಸರರ ಉಳಿತೈತಿ."

ನಾನೂ ಕೇಳಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗೂ ಅದೇ ಸರಿ ಅನ್ನಿಸಿತು. ಅವನ ಹೆಸರೂ ಉಳಿಯುತ್ತಿತ್ತು, ನನ್ನ ಕೈಗುಣವೂ ಮುಚ್ಚಿಹೋಗುತ್ತಿತ್ತು. ಆದರೆ ಪಾಳಿಗೆ ಕಾದ ಹುಡುಗಿಯರು ಹಲಗೆಯ ಸುತ್ತ ನೆರೆದಿದ್ದರು. ಒಬ್ಬಳು ಆಗಲೇ ಒಂದು ಕಾಲು ಇಟ್ಟಿದ್ದಳು. ಹಗ್ಗ ಗಟ್ಟಿ ಎಂದು ಇಬ್ಬರು ಗಂಡಸರು ತೋರಿಸಿಕೊಟ್ಟ ಮೇಲೆ ಅವರನ್ನು ಯಾವ ಮಾತಿನಿಂದ ತಡೆಯುವುದು?

ಮರಿಲಿಂಗಣ್ಣ ಮಗನನ್ನು ಪಕ್ಕಕ್ಕೆ ಸರಿಸಿದ. ಮೇಕೆಗೆ ಸೊಪ್ಪು ಕೊಯ್ಯಲು ಬಂದಿದ್ದವರ ಕುಡಗೋಲು ಕಟ್ಟೆಯ ಮೇಲಿತ್ತು, ತಾನೇ ಹೋಗಿ ಎತ್ತಿಕೊಂಡ. ಹಲಗೆಯ ಮೇಲೆ ಒಂದು ಮೊಳ ಬಿಟ್ಟು ಕೊಯ್ದ. ಐವತ್ತೆಂಟು ವರ್ಷದಲ್ಲಿ ಅವನ ಹಗ್ಗ ಎರಡಾದದ್ದು ಅದೇ ಮೊದಲು, ಅದೂ ಅವನ ಕೈಯಿಂದಲೇ. ಕೊಯ್ದ ತುದಿಯನ್ನು ಹಿಂದುಮುಂದಾಗಿ ತಿರುವಿ ಹುರಿ ಬಿಚ್ಚಿದ. ಎರಡು ಎಳೆ ಜೋಳದ ದಂಟಿನ ಬಣ್ಣ. ಮೂರನೆಯದು ಬೆಳ್ಳಗೆ, ಮುದುಕರ ಕೂದಲಿನ ಹಾಗೆ. ಅದನ್ನು ಗೊಲ್ಲಾಳಮ್ಮನ ಕೈಗೆ ಕೊಟ್ಟ.

"ಹಿಚುಕವ್ವ."

ಅವಳು ಹಿಚುಕಿದಳು. ಬೆರಳ ಸಂದಿಯಿಂದ ಹಿಟ್ಟು ಸುರಿಯಿತು. ಅಷ್ಟು ದೊಡ್ಡ ಬಾಯಿ ಮುಚ್ಚಿಕೊಂಡಿತು. ಹಲಗೆಯ ಮೇಲೆ ಕಾಲಿಟ್ಟ ಹುಡುಗಿ ಕಾಲು ತೆಗೆದಳು.

"ತಪ್ಪು ನಂದು," ಅಂದ ಮರಿಲಿಂಗಣ್ಣ. "ಒಣಗಿದ ಮ್ಯಾಲೆ ಇನ್ನೊಮ್ಮಿ ನೋಡಬೇಕಿತ್ತು. ಮೊದಲ ಜೀಕು ಜೀಕಬೇಕಿತ್ತು. ಎರಡೂ ಮಾಡ್ಲಿಲ್ಲ."

ನನ್ನ ಹೆಸರೇ ಎತ್ತಲಿಲ್ಲ ಟೀಚರಮ್ಮ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೊಂದು ವರ್ಷದವಳಿದ್ದಾಗ ನನಗಾಗಿ ಹಿಡಿ ಹಿಡಿ ನಾರು ಉಳಿಸಿದವನು, ಅರವತ್ತೆಂಟಕ್ಕೂ ನನ್ನನ್ನು ಉಳಿಸಲು ನಿಂತಿದ್ದ. ಪಂಚಶೀಲಾ ನನ್ನ ಕೈ ಹಿಡಿದಿದ್ದಳು. ಅದನ್ನು ಬಿಡಿಸಿಕೊಂಡು ಮುಂದೆ ಹೋದೆ.

"ಅಂವ ಗುರುತು ಇಟ್ಟಿದ್ದ," ಅಂದೆ. "ಕೆಟ್ಟ ಪೆಂಡಿಗೆ ಎಡಹು‍ರಿ ಕಟ್ಟಿದ್ದ. ಅಪಶಕುನ ಅಂತ ಬಿಚ್ಚಿ ಬಲಹುರಿ ಕಟ್ಟಿದಾಕಿ ನಾ. ನನ್ನ ಮೊಮ್ಮಗಳನ್ನ ಆ ಹಗ್ಗಕ್ಕ ಏರಿಸಿದಾಕಿನೂ ನಾನ."

ಪಂಚಶೀಲಾ ಮೇಲಿನ ಕೊಂಬೆ ನೋಡಿದಳು, ಕೆಳಗಿನ ಬಂಡೆ ನೋಡಿದಳು. ಕಹಕಶಾ ಅವಳನ್ನು ಹಿಡಿದು ನೆಲಕ್ಕೆ ಕೂಡಿಸಿದಳು. ಗೊಲ್ಲಾಳಮ್ಮ ಮಾತ್ರ ಕೊನೆಗೆ ಬಾಯಿ ತೆರೆದಳು: "ನಾನಿದ್ರೂ ಬಿಚ್ತಿದ್ದೆ ತಗೋ. ಎಡಹುರಿ ಕಂಡು ಯಾವಾಕಿ ಸುಮ್ನ ಇರ್ತಾಳ?"

ದೇವಿಂದ್ರ ಮನೆಯಿಂದ ಹೋದ ವರ್ಷದ ನೈಲಾನ್ ಹಗ್ಗ ತಂದು ಕಟ್ಟಿದ. ಕಟ್ಟಿ ಇಳಿದ. ಹಲಗೆ ಖಾಲಿ ತೂಗುತ್ತಿತ್ತು, ಯಾವ ಹುಡುಗಿಯೂ ಹತ್ತಲಿಲ್ಲ. ಎಲ್ಲರೂ ಮರಿಲಿಂಗಣ್ಣನ ಮುಖ ನೋಡಿದರು.

"ನನ್ನ ಕಡೆ ಏನು ನೋಡ್ತೀರಿ? ನಾ ಹೊಸೆಯದ ಹಗ್ಗಕ್ಕ ನಾ ಜಾಮೀನು ಅಲ್ಲ," ಎಂದು ಅವನು ನಾಲ್ಕು ಹೆಜ್ಜೆ ಹೋದ. ಹೋಗಿ ನಿಂತ. ತಿರುಗಿ ಬಂದ. ಹಲಗೆಯಿಂದ ಶುರುಮಾಡಿ ಕೈಗೆ ನಿಲುಕುವ ತನಕ ಹಗ್ಗವನ್ನು ಮುಷ್ಟಿಯೊಳಗೆ ಹಾಯಿಸಿ ಸವರಿದ, ಕಣ್ಣು ಮುಚ್ಚಿಕೊಂಡು. ಉಳಿದದ್ದನ್ನು ಸವರಲು ಮಗನನ್ನು ಮತ್ತೆ ಮರ ಹತ್ತಿಸಿದ. "ಗಂಟಿನ ಹಂತೇಕ ನೋಡು. ಅಲ್ಲೆ, ಅಲ್ಲೆ. ಸವದೈತೇನು?" "ಇಲ್ಲಪ್ಪಾ." "ಕೈ ಹಾಕಿ ನೋಡಿ ಹೇಳು, ಕಣ್ಣಿಲೆ ಅಲ್ಲ." ಅರ್ಧ ತಾಸು ಹಿಡಿಯಿತು. ಯಾರೂ ಗೊಣಗಲಿಲ್ಲ.

ಆಮೇಲೆ ಹಲಗೆಯ ಮೇಲೆ ಕೂತ. ನಿಲ್ಲಲು ಮೊಣಕಾಲು ಒಪ್ಪಲಿಲ್ಲ. ಹಿಂದಿನಿಂದ ದೂಡಿದವಳು ಪಂಚಶೀಲಾ. ಒಂದು ಸಲ ಬಂಡೆಯ ಮೇಲೆ ಹೋಗಿ ಬಂದ, ಎರಡು ಸಲ, ಮೂರು ಸಲ. ಇಳಿದ. "ಹತ್ತ್ರಿ," ಅಂದ.

ಕೊಯ್ದ ಹಗ್ಗವನ್ನು ಅವನು ಸುಡಲಿಲ್ಲ. ಅದರ ಒಂದು ತುಂಡಿಗೆ ಅಂಗೈಯಗಲದ ಎಡಹುರಿ ಕಟ್ಟಿ, ತನ್ನ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಾನೆ. ನೀವು ಶಾಲೆಗೆ ಹೋಗುವಾಗ ನೋಡಿರುತ್ತೀರಿ, ಏನು ಅಂತ ಗೊತ್ತಿರಲಿಕ್ಕಿಲ್ಲ. ಹೋಗುವವರು ಬರುವವರೆಲ್ಲ ಕೇಳುತ್ತಾರೆ, ಅವನು ಕೆಟ್ಟ ನಾರಿನ ಗುರುತು ಎಂದು ಹೇಳುತ್ತಾನೆ. ಈಗ ಓಣಿಯ ಸಣ್ಣ ಹುಡುಗರಿಗೂ ಗೊತ್ತು. ಮೊನ್ನೆಯ ವಾರ ಪುಂಡಿ ದಂಟನ್ನು ಕೆರೆಯ ಗುಂಡಿಗೆ ಇಳಿಸಿದ್ದಾನೆ, ಪಂಚಶೀಲಾ ಕ್ಯಾಲೆಂಡರ್ ಮೇಲೆ ದಿನ ಗೀಚುತ್ತಿದ್ದಾಳೆ. ಇವತ್ತಿಗೆ ಒಂಬತ್ತು.

ನಾನು ದಿನಾ ಬೆಳಿಗ್ಗೆ ಅವನ ಬಾಗಿಲ ಮುಂದೆ ಕಸ ಗುಡಿಸುತ್ತೇನೆ. ತಲೆ ಎತ್ತಿದರೆ ಆ ಎಡಹುರಿ. ಕೈ ತುರಿಸುತ್ತದೆ ಟೀಚರಮ್ಮ, ಇನ್ನೂ ತುರಿಸುತ್ತದೆ. ಕಸಬರಿಗೆಯನ್ನು ಗಟ್ಟಿ ಹಿಡಿದು ಮುಂದಿನ ಅಂಗಳಕ್ಕೆ ಹೋಗುತ್ತೇನೆ.